ಹದಿನಾಲ್ಕನೇ ನಂಬರಿನ ಮೊದಲ ಮೆಟ್ಟಿಲು

ಜನವರಿ ೯, ಸೋಮವಾರ

ದಿನಕ್ಕೆ ಐದು ಸಾಲು ಬರೆಯಬೇಕಂತೆ. ಬಲಗೈಯಲ್ಲೇ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ನೋಟ್‌ಬುಕ್ ಕೊಟ್ಟು ಹೋಗಿದ್ದಾಳೆ. ಏನು ಬರೆಯಲಿ ಎಂದು ಕೇಳಿದರೆ, "ಯಾರೂ ಓದಲ್ಲ, ಏನಾದ್ರೂ ಬರೀರಿ" ಎಂದಳು. ಐದು ಸಾಲು ಆಯಿತು.

ಜನವರಿ ೧೧, ಬುಧವಾರ

ಲಕ್ವ ಹೊಡೆದು ಇವತ್ತಿಗೆ ಏಳು ವಾರ. ಬಲಗೈ, ಬಲಗಾಲು ಎರಡೂ ಹೇಳಿದ ಮಾತು ಕೇಳುವುದಿಲ್ಲ. ಮೂವತ್ತೊಂದು ವರ್ಷ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈಗೆ ಒಂದು ಪೆನ್ನು ಭಾರ. ಅಕ್ಷರಗಳು ಕುಡಿದವರ ಹಾಗೆ ಒಂದರ ಮೇಲೊಂದು ಬೀಳುತ್ತಿವೆ. ಸಾಕು.

ಜನವರಿ ೧೬, ಸೋಮವಾರ

ಮಗಳು ವಾಕರ್ ತಂದಳು. ನಾಲ್ಕು ಕಾಲಿನ ಅಲ್ಯೂಮಿನಿಯಂ ಚೌಕಟ್ಟು. "ಇದನ್ನ ಹಿಡ್ಕೊಂಡು ಓಡಾಡಪ್ಪಾ" ಎಂದಳು. ನನಗಿನ್ನೂ ಅರವತ್ತೆರಡು. ಮೂಲೆಯಲ್ಲಿಡು ಎಂದೆ. ಸಂಜೆ ನೋಡಿದರೆ ನನ್ನ ಹೆಂಡತಿ ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದ್ದಳು. ಒಳ್ಳೆಯ ಉಪಯೋಗವೇ.

ಜನವರಿ ೨೩, ಸೋಮವಾರ

ಬೆಳಿಗ್ಗೆ ಬಚ್ಚಲಲ್ಲಿ ಬಿದ್ದೆ. ಒಳಗಿನಿಂದ ಚಿಲಕ ಹಾಕಿದ್ದೆ. ಎದ್ದು ತೆಗೆಯಲು ಆಗಲಿಲ್ಲ. ಹೊರಗೆ ಇವಳು ಬಾಗಿಲು ಬಡಿಯುತ್ತಾ "ರೀ, ಮಾತಾಡ್ರೀ" ಎಂದು ಕೂಗುತ್ತಿದ್ದಳು. ಮಾತಾಡಿದರೆ ಅಳು ಬರುತ್ತದೆ ಎಂದು ಸುಮ್ಮನಿದ್ದೆ. ಅದರಿಂದ ಅವಳಿಗೆ ಇನ್ನೂ ಗಾಬರಿ. ಕೊನೆಗೆ ಪಕ್ಕದ ಮನೆಯವಳ ಗಂಡ, ಮಾವ ಇಬ್ಬರೂ ಬಂದು ಬಾಗಿಲು ಒಡೆದರು. ಮೈಮೇಲೆ ಬಟ್ಟೆ ಇರಲಿಲ್ಲ. ಆ ಮಾವ ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು ನನ್ನ ಮೇಲೆ ಹಾಕಿದ. ಒಳ್ಳೆಯವನು. ಇನ್ನು ಮುಂದೆ ಅವನ ಮುಖ ನೋಡಲಾರೆ.

ಜನವರಿ ೨೬, ಗುರುವಾರ

ವ್ಯಾಯಾಮದ ಹುಡುಗಿ ಬಚ್ಚಲು ನೋಡಿ ತಲೆಯಾಡಿಸಿದಳು. ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬೇಕಂತೆ, ನೆಲಕ್ಕೆ ಜಾರದ ಚಾಪೆ ಬೇಕಂತೆ, ಚಿಲಕ ತೆಗೆಸಬೇಕಂತೆ. ಚಿಲಕವಿಲ್ಲದ ಬಚ್ಚಲಲ್ಲಿ ನೀನು ಸ್ನಾನ ಮಾಡುತ್ತೀಯಾ ಎಂದು ಕೇಳಿದೆ. ಹಾಗೆ ಕೇಳಬಾರದಿತ್ತು. ಅವಳು ಬೇಸರ ಮಾಡಿಕೊಳ್ಳದೆ, "ಹೊರಗಿಂದ ನಾಣ್ಯ ಹಾಕಿ ತಿರುಗಿಸಿದ್ರೆ ತೆಗೆಯೋ ಬೀಗ ಬರುತ್ತೆ. ಬಸ್‌ಸ್ಟಾಪ್ ಹತ್ರ ಬೀಗದ ಅಂಗಡಿ ಇದೆಯಲ್ಲ, ನೀವೇ ಹೋಗಿ ತನ್ನಿ. ವಾಕರ್ ತಗೊಂಡು ಹೋಗಿ" ಎಂದಳು.

ಫೆಬ್ರವರಿ ೨, ಗುರುವಾರ

ನಲ್ಲಿ ಕೆಲಸದವನು ಬಂದು ಕಂಬಿ ಹಾಕಿದ. ಅವನು ಆರಡಿ ಆಳು, ತನ್ನ ಅಳತೆಗೆ ಹಾಕಿದ. ಅದನ್ನು ಹಿಡಿಯಬೇಕಾದರೆ ನಾನು ಬಾವಲಿಯ ಹಾಗೆ ಜೋತುಬೀಳಬೇಕು. ವ್ಯಾಯಾಮದ ಮೇಡಂ ಬಂದು ನನ್ನನ್ನು ನಿಲ್ಲಿಸಿ, ನೆಲದಿಂದ ಮಣಿಕಟ್ಟಿಗೆ ಟೇಪು ಹಿಡಿದು, "ಕಂಬಿ ಹಾಕೋದು ಗೋಡೆಗಲ್ಲಪ್ಪಾ, ಇವರ ಕೈಗೆ" ಎಂದು ಅವನಿಗೆ ಹೇಳಿದರು. ಎರಡನೇ ಸಲ ಸರಿಯಾಯಿತು. ಮೊದಲಿನ ತೂತುಗಳು ಹಾಗೇ ಉಳಿದಿವೆ.

ಫೆಬ್ರವರಿ ೮, ಬುಧವಾರ

ಬೀಗದ ಅಂಗಡಿಗೆ ಹೋದೆ. ಬಾಗಿಲಿಂದ ಇನ್ನೂರ ಹನ್ನೆರಡು ಹೆಜ್ಜೆ, ಮೂರು ಕಡೆ ನಿಂತು, ಮೂವತ್ತೆಂಟು ನಿಮಿಷ. ಡಿಪೋದಲ್ಲಿ ನನಗೆ ಗಡಿಯಾರ ಎಂದು ಅಡ್ಡಹೆಸರಿತ್ತು. ನಾನು ಹಾದುಹೋದರೆ ಜನ ವಾಚಿನ ಮುಳ್ಳು ಸರಿಮಾಡಿಕೊಳ್ಳುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ಈಗ ನೋಡಲಿ.

ಅಂಗಡಿಯೆಂದರೆ ಒಂದು ಕಬ್ಬಿಣದ ಡಬ್ಬ. ಒಳಗೆ ಕೀಲಿಕೈ ಕೊರೆಯುವ ಯಂತ್ರ, ಅದರ ಹಿಂದೆ ಐವತ್ತರ ಆಸುಪಾಸಿನ ಹೆಂಗಸು. ಗೋಡೆಯ ಮೊಳೆಗೆ ಎರಡು ಊರುಗೋಲು ನೇತುಹಾಕಿದ್ದಳು. ಬೀಗ ಕೊಟ್ಟಳು. ಆಮೇಲೆ ನನ್ನ ವಾಕರನ್ನೇ ನೋಡುತ್ತಾ, "ಇದರ ಎತ್ತರ ಯಾರು ಇಟ್ಟಿದ್ದು? ಕಳ್ಕೊಂಡಿದ್ದು ಹುಡುಕೋರ ಥರ ಬಗ್ಗಿ ಬರ್ತಿದೀರಲ್ಲ" ಎಂದಳು. ಕೂತಲ್ಲೇ ಬಾಗಿ, ಒಂದೊಂದು ಕಾಲಿನ ಗುಂಡಿ ಒತ್ತಿ ಎರಡೆರಡು ತೂತು ಮೇಲೆ ಮಾಡಿಕೊಟ್ಟಳು. ಸವೆದ ರಬ್ಬರ್ ಬುಡವೊಂದನ್ನೂ ಬದಲಾಯಿಸಿದಳು. ಬರುವಾಗ ಇಪ್ಪತ್ತೊಂಬತ್ತು ನಿಮಿಷ.

ಹೊರಡುವಾಗ ಕೇಳಿದಳು: "ನೀವು ಹದಿನಾಲ್ಕನೇ ನಂಬರ್ ಓಡಿಸ್ತಿದ್ರಿ ಅಲ್ವಾ?"

"ಎಷ್ಟೋ ನಂಬರ್ ಓಡಿಸಿದೀನಿ" ಎಂದೆ.

ಆಕೆಯನ್ನು ನಾನು ಎಲ್ಲೂ ಕಂಡ ನೆನಪಿಲ್ಲ.

ಫೆಬ್ರವರಿ ೨೦, ಸೋಮವಾರ

ಆಸ್ಪತ್ರೆಗೆ ತೋರಿಸಲು ಹೋಗಬೇಕಿತ್ತು. ಅಳಿಯ ಕಾರು ತರುತ್ತೇನೆ ಎಂದ. ಅವನು ಡಿಪೋದ ಉಗ್ರಾಣದಲ್ಲಿ ಗುಮಾಸ್ತ, ನನ್ನಿಂದಾಗಿ ರಜೆ ಹಾಕುವುದು ಬೇಡ, ನನ್ನ ಬಸ್ಸಿನಲ್ಲೇ ಹೋಗುತ್ತೇನೆ ಎಂದೆ. ನನ್ನ ಬಸ್ಸು!

ನಾನು, ಇವಳು ಸ್ಟಾಪಿನಲ್ಲಿ ನಿಂತೆವು. ಒಂಬತ್ತು ಹತ್ತಕ್ಕೆ ಹದಿನಾಲ್ಕು ಬಂತು. ನಿಂತಿದ್ದು ನಮ್ಮಿಂದ ಹದಿನೈದು ಹೆಜ್ಜೆ ಮುಂದೆ, ಅದೂ ರಸ್ತೆಯ ನಡುವೆ. ಇವಳು ಮುಂದೆ ಓಡಿ ಕೈಯೆತ್ತಿದಳು. ನಾನು ಹೇಗೋ ಬಾಗಿಲ ಹತ್ತಿರ ಮುಟ್ಟಿ ಮೊದಲ ಮೆಟ್ಟಿಲು ನೋಡಿದೆ. ಮೊಣಕಾಲಿಗಿಂತ ಮೇಲಿದೆ! ಮೂವತ್ತೊಂದು ವರ್ಷ ಆ ಬಸ್ಸಿನಲ್ಲೇ ಇದ್ದವನಿಗೆ ಅದರ ಮೆಟ್ಟಿಲು ಎಷ್ಟು ಎತ್ತರ ಎಂದು ಗೊತ್ತಿರಲಿಲ್ಲ. ಡ್ರೈವರಿಗೆ ಬೇರೆ ಬಾಗಿಲು. ಎಡಗಾಲಿಟ್ಟೆ, ಬಲಗಾಲು ಮೇಲೇಳಲಿಲ್ಲ. ಇಳಿಸಿದೆ. ವಾಕರನ್ನು ಇವಳ ಕೈಗೆ ಕೊಟ್ಟು ಮತ್ತೆ ನೋಡೋಣ ಎನ್ನುವಷ್ಟರಲ್ಲಿ ಬಸ್ಸು ಹೊರಟಿತು.

ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಾಣಿಸಿತು. ಯಾರೋ ಹೊಸಬ. ನನ್ನನ್ನು ನೋಡಿದ, ರಸ್ತೆ ನೋಡಿದ, ಹೋದ.

ಬೀಗದ ಅಂಗಡಿಯವಳು ಎಲ್ಲವನ್ನೂ ನೋಡುತ್ತಿದ್ದಳು. ಕೂರಲು ಸ್ಟೂಲು ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಏನಾದರೂ ಹೇಳಿದ್ದರೆ ವಾಸಿಯಿತ್ತು.

ಫೆಬ್ರವರಿ ೨೧, ಮಂಗಳವಾರ

ಆ ಕನ್ನಡಿಯಲ್ಲಿ ಎಲ್ಲ ಕಾಣುತ್ತದೆ. ಹಿಂದಿನ ಚಕ್ರದಿಂದ ಬಾಗಿಲ ಕಂಬಿಯವರೆಗೆ. ಕಾಣಲಿಲ್ಲ ಎಂದು ಯಾವ ಡ್ರೈವರ್ ಹೇಳಿದರೂ ಅದು ಸುಳ್ಳು.

ಮಾರ್ಚ್ ೬, ಸೋಮವಾರ

ಈಗ ದಿನಾ ಬೀಗದ ಅಂಗಡಿಯವರೆಗೆ ನಡೆಯುತ್ತೇನೆ. ಹತ್ತು ನಿಮಿಷ ಸ್ಟೂಲಿನ ಮೇಲೆ ಕೂತು ವಾಪಸು. ಇವತ್ತು ಆಕೆ ಒಂದು ಕಾಗದ ಕೊಟ್ಟು, "ಕನ್ನಡಕ ಮರೆತು ಬಂದಿದೀನಿ, ಸ್ವಲ್ಪ ಗಟ್ಟಿಯಾಗಿ ಓದಿ" ಎಂದಳು. ಕನ್ನಡಕ ಯಂತ್ರದ ಪಕ್ಕದಲ್ಲೇ ಇತ್ತು.

ಆಕೆ ಡಿಪೋಗೆ ಕೊಟ್ಟಿದ್ದ ಅರ್ಜಿಗೆ ಬಂದ ಉತ್ತರ ಅದು. ಸ್ಟಾಪಿನಲ್ಲಿ ಬಸ್ಸಿನ ಮೆಟ್ಟಿಲಿಗೆ ಸಮನಾಗುವ ಕಟ್ಟೆ ಬೇಕು, ಬಸ್ಸು ಆ ಕಟ್ಟೆಗೆ ತಾಗಿ ನಿಲ್ಲಬೇಕು, ದಿನಕ್ಕೆ ಎರಡು ಸಲವಾದರೂ ತಗ್ಗು ಮೆಟ್ಟಿಲಿನ ಬಸ್ಸು ಬಿಡಬೇಕು ಎಂದು ಕೇಳಿದ್ದಳಂತೆ. ಉತ್ತರದಲ್ಲಿ ಹೀಗಿತ್ತು: "ಸದರಿ ನಿಲ್ದಾಣದಲ್ಲಿ ಪ್ರಯಾಣಿಕರು ಬಸ್ ಹತ್ತುವಾಗ ಅಪಘಾತವಾದ ಒಂದು ದಾಖಲೆಯೂ ಇಲ್ಲದ ಕಾರಣ ಮನವಿಯನ್ನು ಪರಿಗಣಿಸಲಾಗಿಲ್ಲ."

ಗಟ್ಟಿಯಾಗಿ ಓದಿದೆ. "ಇನ್ನೊಂದು ಸಲ ಆ ಕೊನೇ ಸಾಲು ಓದಿ" ಎಂದಳು. ಔಷಧಿಯ ಹೊತ್ತಾಯಿತು ಎಂದು ಎದ್ದು ಬಂದೆ.

ಮಾರ್ಚ್ ೭, ಮಂಗಳವಾರ

ಕೈ ನೋವು. ಬರೆಯುವುದಿಲ್ಲ.

ಮಾರ್ಚ್ ೧೯, ಭಾನುವಾರ

ಹನ್ನೆರಡು ದಿನ ಆ ಕಡೆ ಹೋಗಲಿಲ್ಲ. ಮೇಡಂ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಕಂಡು, ಓದದೆಯೇ, "ಯಾಕೆ ನಿಲ್ಸಿಬಿಟ್ರಿ? ಕೈ ಚೆನ್ನಾಗಿ ಬರ್ತಿತ್ತಲ್ಲ" ಎಂದರು.

ಯಾರೂ ಓದುವುದಿಲ್ಲ ಎಂದಮೇಲೆ ಇಲ್ಲೂ ಯಾಕೆ ಸುಳ್ಳು? ಆಕೆಯನ್ನು ನೋಡಿದ್ದೇನೆ. ಮೊದಲ ದಿನವೇ ಗುರುತು ಸಿಕ್ಕಿತ್ತು.

ಹನ್ನೊಂದು ವರ್ಷದ ಹಿಂದೆ, ಒಂದು ಶನಿವಾರ ಸಂಜೆ. ಅದೇ ಸ್ಟಾಪು. ಆಗ ಆಕೆಗೆ ಒಂದೇ ಊರುಗೋಲು. ನಾನು ನಾಲ್ಕು ನಿಮಿಷ ತಡವಾಗಿದ್ದೆ. ಕಂಡಕ್ಟರ್ ರೈಟ್ ಎಂದಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ: ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕೈ ಕಂಬಿಯ ಮೇಲೆ, ಊರುಗೋಲು ಇನ್ನೂ ನೆಲದಲ್ಲಿ. ಹತ್ತಿಕೊಳ್ಳುತ್ತಾಳೆ ಬಿಡು, ಒಳಗಿನವರು ಎಳೆದುಕೊಳ್ಳುತ್ತಾರೆ ಎಂದುಕೊಂಡು ಕ್ಲಚ್ ಬಿಟ್ಟೆ. ಆಕೆ ಬಿದ್ದಳು. ಸೊಂಟದ ಕೆಳಗೆ ಮೂಳೆ ಮುರಿಯಿತು.

ವಿಚಾರಣೆಯಲ್ಲಿ ನಾನು ಬರೆದುಕೊಟ್ಟಿದ್ದು: ಚಲಿಸುತ್ತಿದ್ದ ಬಸ್ಸನ್ನು ಹತ್ತಲು ಯತ್ನಿಸಿದರು, ಕನ್ನಡಿಯಲ್ಲಿ ನನಗೆ ಕಾಣಲಿಲ್ಲ. ಕಂಡಕ್ಟರ್ ಅದಕ್ಕೇ ರುಜು ಹಾಕಿದ. ಅವನು ತೀರಿಹೋಗಿ ಆರು ವರ್ಷ. ಪ್ರಯಾಣಿಕರದೇ ಅಜಾಗರೂಕತೆ ಎಂದು ಫೈಲು ಮುಚ್ಚಿದರು. ನಿವೃತ್ತಿಯಾದಾಗ 'ಅಪಘಾತರಹಿತ ಸೇವೆ' ಎಂದು ಬರೆಸಿ ನನ್ನ ಫೋಟೋ ಡಿಪೋದ ಗೋಡೆಗೆ ಹಾಕಿದರು.

ಇಷ್ಟು ಬರೆಯಲು ಒಂದೂವರೆ ಗಂಟೆ ಹಿಡಿಯಿತು.

ಮಾರ್ಚ್ ೨೭, ಸೋಮವಾರ

ಹೋಗಿ ಹೇಳಿದೆ. ಆಕೆ ಕೀಲಿಕೈಯೊಂದನ್ನು ಉಜ್ಜುತ್ತಿದ್ದಳು, ನಿಲ್ಲಿಸಲಿಲ್ಲ.

"ಗೊತ್ತು. ನೀವು ಕನ್ನಡೀಲಿ ನೋಡಿದ್ದು ನಾನೂ ನೋಡಿದೀನಿ."

"ತಪ್ಪಾಯ್ತು" ಎಂದೆ.

"ಎಂಟು ತಿಂಗಳು ಮಲಗಿದ್ದೆ. ಅದು ಹೋಗ್ಲಿ. ನಮ್ಮಮ್ಮ ಹದಿನಾಲ್ಕರ ಕೊನೇ ಸ್ಟಾಪಲ್ಲಿ ಒಬ್ಬಳೇ ಇದ್ದಳು. ಪ್ರತಿ ಶನಿವಾರ ಹೋಗಿ ಭಾನುವಾರ ಬರ್ತಿದ್ದೆ. ಬಿದ್ದ ಮೇಲೆ ಆ ಮೆಟ್ಟಿಲು ಹತ್ತೋಕಾಗಲಿಲ್ಲ. ಎರಡು ವರ್ಷ. ಆಟೋ ಮಾಡೋಷ್ಟು ದುಡ್ಡೂ ಇರ್ಲಿಲ್ಲ. ಅವಳು ಹೋದ ಸುದ್ದಿ ಬಂದಾಗ ಯಾರೋ ಟೆಂಪೋದಲ್ಲಿ ಮಲಗಿಸ್ಕೊಂಡು ಕರ್ಕೊಂಡು ಹೋದ್ರು. ಅಷ್ಟೊತ್ತಿಗೆ ಎಲ್ಲಾ ಮುಗಿದಿತ್ತು." ಕೀಲಿಕೈಯನ್ನು ಬೆಳಕಿಗೆ ಹಿಡಿದು ಹಲ್ಲು ನೋಡಿದಳು. "ನೀವು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರ್ತಿದ್ರಿ."

ಏನು ಮಾಡಲಿ ಹೇಳಿ ಎಂದು ಕೇಳಿದೆ.

"ತಪ್ಪಾಯ್ತು ಅಂತ ನನಗೆ ಹೇಳಿ ಏನು ಬಂತು? ದಾಖಲೆ ಇಲ್ಲ ಅಂದಿದಾರಲ್ಲ, ಅವರಿಗೆ ಹೇಳಿ."

ಏಪ್ರಿಲ್ ೩, ಸೋಮವಾರ

ಮನೆಯಲ್ಲಿ ಹೇಳಿದೆ. ಇವಳಿಗೆ ಅಪಘಾತ ಗೊತ್ತಿತ್ತು, ಸುಳ್ಳು ಗೊತ್ತಿರಲಿಲ್ಲ. "ಹನ್ನೊಂದು ವರ್ಷ ನನ್ನ ಪಕ್ಕದಲ್ಲೇ ಮಲಗಿ ಇದನ್ನ ಹೇಳ್ಲಿಲ್ವಲ್ಲ" ಎಂದಳು. ಡಿಪೋಗೆ ಕೊಡಲು ನನ್ನ ಹೇಳಿಕೆ ಬರೆದುಕೊಡು ಎಂದೆ. "ಸುಳ್ಳು ನೀವೇ ಬರೆದ್ರಿ, ನಿಜಾನೂ ನೀವೇ ಬರೀರಿ" ಎಂದು ಒಳಗೆ ಹೋದಳು.

ಮಗಳು ಅತ್ತಳು. "ಅವರು ಅದೇ ಡಿಪೋದಲ್ಲಿ ಕೆಲಸ ಮಾಡ್ಬೇಕಲ್ಲಪ್ಪಾ. ಮಾವ ಸುಳ್ಳುಗಾರ ಅಂತ ಎಲ್ಲರೂ ಆಡ್ಕೊಳ್ಳಲ್ವಾ? ಈಗ ಯಾರಿಗೆ ಬೇಕಾಗಿತ್ತು ಇದು?"

ಯಾರಿಗೆ ಬೇಕಾಗಿತ್ತು ಎಂದು ಅವಳಿಗೆ ಹೇಳಬಹುದಿತ್ತು. ಹೇಳಿದ್ದರೆ ಇನ್ನಷ್ಟು ಅಳುತ್ತಿದ್ದಳು.

ಏಪ್ರಿಲ್ ೮, ಶನಿವಾರ

ಒಂದೂವರೆ ಪುಟದ ಹೇಳಿಕೆ. ನಾಲ್ಕು ದಿನ ಹಿಡಿಯಿತು. ಮೂರು ಸಲ ಹರಿದು ಹಾಕಿದೆ, ಅಕ್ಷರ ಚೆನ್ನಾಗಿಲ್ಲ ಎಂದಲ್ಲ. ಪ್ರತಿ ಸಲವೂ "ಸಮಯದ ಒತ್ತಡದಿಂದಾಗಿ" ಎಂಬ ಮಾತು ಹೇಗೋ ಒಳಗೆ ನುಸುಳಿರುತ್ತಿತ್ತು. ನಾಲ್ಕನೆಯದರಲ್ಲಿ ಅದಿಲ್ಲ.

ಏಪ್ರಿಲ್ ೧೨, ಬುಧವಾರ

ಡಿಪೋದ ಆಫೀಸಿಗೆ ಏಳು ಮೆಟ್ಟಿಲು, ಕಂಬಿ ಇಲ್ಲ. ನಾನು ವಾಕರ್ ಹಿಡಿದು, ಬೀಗದ ಅಂಗಡಿಯವರು ಊರುಗೋಲು ಹಿಡಿದು, ಇಬ್ಬರೂ ಕೆಳಗೇ ನಿಂತೆವು. ಆಟೋದವನು ಆಕೆಯನ್ನು ಇಳಿಸುವಾಗ ಕೈ ಜಗ್ಗಿದ್ದ, ಭುಜ ನೋಯುತ್ತಿತ್ತು. ಒಳಗೆ ಹೇಳಿ ಕಳಿಸಿದೆವು. ಸಾಹೇಬರು ಕೆಲಸದಲ್ಲಿದ್ದಾರೆ ಎಂದು ಬಂತು. ಎರಡು ಗಂಟೆ ಬಿಸಿಲಿನಲ್ಲಿದ್ದೆವು. ಹಳೆಯ ಪರಿಚಯದವರು ಒಬ್ಬೊಬ್ಬರಾಗಿ ಬಂದು "ಏನ್ ಗಡಿಯಾರಣ್ಣ, ಹೇಗಿದೀರಾ" ಎಂದು ಕೇಳಿ, ಪಕ್ಕದಲ್ಲಿ ಯಾರಿದ್ದಾರೆಂದು ನೋಡಿ, ಬೇಗ ಹೋದರು.

ಊಟಕ್ಕೆ ಹೊರಟಾಗ ಸಾಹೇಬರೇ ಇಳಿದರು. ಹೇಳಿಕೆಯನ್ನು ನಿಂತಲ್ಲೇ ಓದಿದರು.

"ಇದೆಲ್ಲಾ ಈಗ್ಯಾಕೆ? ಅಷ್ಟು ಹಳೇ ಫೈಲು ಉಳಿದಿರಲ್ಲ. ವಿಲೇವಾರಿ ಆಗಿರುತ್ತೆ."

"ಫೈಲಿಲ್ಲದಿದ್ರೆ ನಾನು ಬಿದ್ದೇ ಇಲ್ವಾ ಸಾರ್?" ಎಂದರು ಆಕೆ.

"ಹಾಗಲ್ಲಮ್ಮಾ..."

"ಬೀಳಿಸಿದೋರೇ ಬಂದು ಬೀಳಿಸ್ದೆ ಅಂತ ಬರ್ಕೊಟ್ಟಿದಾರೆ. ಇನ್ನೇನು ಬೇಕು ದಾಖಲೆಗೆ?"

ಸಾಹೇಬರು ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಯೋಚನೆ ಮಾಡಿದೀರಾ? ನಿಮ್ಮ ಸರ್ವೀಸಿಗೆ ಕಪ್ಪು ಚುಕ್ಕೆ" ಎಂದರು.

"ಚುಕ್ಕೆ ಆವತ್ತೇ ಬಿದ್ದಿದೆ ಸಾರ್. ಸೀಲು ಹಾಕಿಕೊಡಿ" ಎಂದೆ.

ಸೀಲು ಹಾಕಿಸಿಕೊಟ್ಟರು. ಅಷ್ಟೇ. ಮನೆಯಲ್ಲಿ ಇವಳು ಊಟ ಬಡಿಸಿ ಒಳಗೆ ಹೋದಳು.

ಮೇ ೯, ಮಂಗಳವಾರ

ಮಗಳು ಮನೆ ಕಡೆ ಬರದೆ ಒಂದು ತಿಂಗಳ ಮೇಲಾಯಿತು. ಇವತ್ತು ಅಳಿಯ ಒಬ್ಬನೇ ಬಂದ. ಹಳೆಯ ಪೇಪರಿನಲ್ಲಿ ಸುತ್ತಿದ ಕಟ್ಟೊಂದನ್ನು ಮೇಜಿನ ಮೇಲಿಟ್ಟು, "ಡಿಪೋದಲ್ಲಿ ಕೊಟ್ಟು ಬಾ ಅಂದ್ರು ಮಾವ" ಎಂದ. ಚಹಾ ಬೇಡವೆಂದು ಹೋದ. ಬಿಚ್ಚಿದರೆ ನನ್ನ ಫೋಟೋ. ಕೆಳಗಿನ ಹಿತ್ತಾಳೆ ಪಟ್ಟಿ ಕಿತ್ತುಕೊಂಡಿದ್ದಾರೆ, ನಾಲ್ಕು ತೂತು ಮಾತ್ರ ಇವೆ.

ಇವಳು ಅದನ್ನು ತೆಗೆದುಕೊಂಡು ಬೀರುವಿನ ಮೇಲೆ ಮಗುಚಿಟ್ಟಳು. ಆಮೇಲೆ ಬಂದು ನನ್ನ ಬಲಗೈಗೆ ಎಣ್ಣೆ ಹಚ್ಚಿದಳು. ನಾನು ನಿಜ ಹೇಳಿದ ದಿನದಿಂದ ಹಚ್ಚಿರಲಿಲ್ಲ.

ಮೇ ೩೦, ಮಂಗಳವಾರ

ಸ್ಟಾಪಿನಲ್ಲಿ ಕಟ್ಟೆ ಕಟ್ಟಿದ್ದಾರೆ. ಸಿಮೆಂಟಿನದು, ಎಂಟು ಹೆಜ್ಜೆ ಉದ್ದ. ಒಂದು ತುದಿಯಲ್ಲಿ ಇಳಿಜಾರು. ನಮ್ಮ ಹೇಳಿಕೆಯಿಂದ ಆಯಿತೋ, ಆಗುವುದಿತ್ತೋ, ಯಾರೂ ಹೇಳುವುದಿಲ್ಲ. ತಗ್ಗು ಮೆಟ್ಟಿಲಿನ ಬಸ್ಸು ದಿನಕ್ಕೆ ಒಂದು, ಸಂಜೆ ಮಾತ್ರ. ಇಳಿಜಾರು ತೀರಾ ಕಡಿದು, ಮೇಡಂ ಟೇಪು ಹಿಡಿದು ನೋಡಿ ಬೇಸರಪಟ್ಟರು. ಬೀಗದ ಅಂಗಡಿಯವರು ಊರುಗೋಲಿನಲ್ಲಿ ಅದನ್ನು ಎರಡು ಸಲ ಹತ್ತಿ ಇಳಿದು, "ಮಳೆ ಬಂದ್ರೆ ಜಾರುತ್ತೆ" ಎಂದರು. ಖುಷಿಪಟ್ಟ ಹಾಗೆ ಕಾಣಲಿಲ್ಲ.

ಜೂನ್ ೧೫, ಗುರುವಾರ

"ಶನಿವಾರ ಕೊನೇ ಸ್ಟಾಪಿಗೆ ಹೋಗ್ಬೇಕು ಅಂತಿದೀನಿ. ಒಬ್ಬಳೇ ಹೋಗೋಕೆ ಧೈರ್ಯ ಸಾಲದು. ನೀವು ಬರ್ತೀರಾ?" ಎಂದು ಬೀಗದ ಅಂಗಡಿಯವರು ಕೇಳಿದರು.

"ನಾನಾ?"

"ಆ ದಾರಿ ಗೊತ್ತಿರೋರು ಬೇರೆ ಯಾರಿದಾರೆ ನನಗೆ? ಕ್ಷಮಿಸಿಬಿಟ್ಟೆ ಅಂತ ಅಂದ್ಕೋಬೇಡಿ. ಅದು ನನ್ನ ಕೈಲಾಗಲ್ಲ."

ಬರುತ್ತೇನೆ ಎಂದೆ.

ಜೂನ್ ೧೭, ಶನಿವಾರ

ಸಂಜೆಯ ತಗ್ಗು ಮೆಟ್ಟಿಲಿನ ಬಸ್ಸು ಕಟ್ಟೆಗೆ ತಾಗಿ ನಿಂತಿತು. ಆಕೆ ಎರಡೂ ಊರುಗೋಲನ್ನು ಮೊದಲು ಒಳಗಿಟ್ಟು, ಆಮೇಲೆ ಒಂದೊಂದೇ ಕಾಲಿಟ್ಟು ಹತ್ತಿದರು. ಹನ್ನೊಂದು ವರ್ಷಕ್ಕೆ ಮೊದಲ ಸಲ. ಮುಖ ಬೆವತಿತ್ತು. ನಾನೂ ಹತ್ತಿದೆ, ಕಂಡಕ್ಟರ್ ವಾಕರ್ ಮಡಚಿ ಇಟ್ಟುಕೊಂಡ. ದಾರಿಯುದ್ದಕ್ಕೂ ಆಕೆ ಕಿಟಕಿಯ ಕಂಬಿ ಬಿಡದೆ ಹಿಡಿದಿದ್ದರು.

ಕೊನೆಯ ಸ್ಟಾಪಿನಲ್ಲಿ ಕಟ್ಟೆ ಇಲ್ಲ. ಇಳಿಯುವುದು ಬಹಳ ಕಷ್ಟವಾಯಿತು. ಡ್ರೈವರ್ ಇಳಿದು ಬಂದು ತೋಳು ಕೊಟ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಸ್ಟಾಪಿನೆದುರು ಒಂದು ಕಲ್ಲುಬೆಂಚು, ಅದರಾಚೆ ಒಂದು ಸಾಲು ಮನೆ. "ಆ ಮೂರನೇ ಬಾಗಿಲು ನಮ್ಮದು" ಎಂದರು. ಅಲ್ಲಿ ಈಗ ಬೇರೆಯವರಿದ್ದಾರೆ, ಸೈಕಲ್ ನಿಲ್ಲಿಸಿತ್ತು. ಬೆಂಚಿನ ಮೇಲೆ ಕೂತರು. "ಶನಿವಾರ ಅಮ್ಮ ಇಲ್ಲೇ ಕೂತು ಕಾಯ್ತಿದ್ಲು" ಎಂದರು.

ಆಗ ನನಗೆ ಹೊಳೆಯಿತು. ಹೊಳೆದದ್ದನ್ನು ನುಂಗಿಬಿಡಬಹುದಿತ್ತು. ಆಕೆ ಕೇಳಿರಲೂ ಇಲ್ಲ.

"ನೀವು ಬಿದ್ದ ಮೇಲೂ ಕಾಯ್ತಿದ್ರು" ಎಂದೆ.

ತಿರುಗಿ ನೋಡಿದರು.

ಹೇಳಿದೆ. ಪ್ರತಿ ಶನಿವಾರ ಸಂಜೆ ನನ್ನ ಬಸ್ಸು ಬಂದಾಗ ಒಬ್ಬ ಅಜ್ಜಿ ಈ ಬೆಂಚಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದರು. ಕೈಯಲ್ಲಿ ಕೊಡೆ. ಇಳಿಯುವವರ ಮುಖ ಒಂದೊಂದಾಗಿ ನೋಡುತ್ತಿದ್ದರು. ಎಲ್ಲ ಇಳಿದಾದ ಮೇಲೆ ಕಂಬಿ ಹಿಡಿದು ಖಾಲಿ ಸೀಟುಗಳ ಕಡೆ ಬಗ್ಗಿ ನೋಡುತ್ತಿದ್ದರು. ನನಗೆ ಬಸ್ಸು ತಿರುಗಿಸುವ ಅವಸರ. ಯಾರೋ ತಲೆ ಕೆಟ್ಟವರು ಎಂದುಕೊಂಡಿದ್ದೆ. "ಯಾರೂ ಇಲ್ಲ ಅಜ್ಜಿ, ಜರುಗಿ" ಎಂದು ಕೂಗುತ್ತಿದ್ದೆ. ಜರುಗದಿದ್ದರೆ ಹಾರ್ನ್ ಹೊಡೆಯುತ್ತಿದ್ದೆ. ಎಷ್ಟು ಹೊಡೆದರೂ ಹಾಗೇ ನಿಂತಿರುತ್ತಿದ್ದರು.

"ಅವಳಿಗೆ ಕಿವಿ ಕೇಳ್ತಿರ್ಲಿಲ್ಲ" ಎಂದರು. "ಬಿದ್ದಿದಾಳೆ, ಬರಲ್ಲ ಅಂತ ಪಕ್ಕದ ಮನೆಯೋರು ಸನ್ನೆ ಮಾಡಿ ಹೇಳಿದ್ರಂತೆ. ಅವಳಿಗೆ ಅರ್ಥ ಆಯ್ತು ಅಂದ್ಕೊಂಡಿದ್ದೆ."

ಬಸ್ಸು ತಿರುಗಿ ಹೊರಟು ನಿಂತಿತು. ಡ್ರೈವರ್ ನಮ್ಮ ಕಡೆ ನೋಡಿದ. ಆಕೆ ಏಳಲಿಲ್ಲ. ಹೋಗು ಎಂದು ಕೈ ಮಾಡಿದೆ. ಬಸ್ಸು ಹೋಯಿತು. ಮುಂದಿನವೆಲ್ಲ ಎತ್ತರದ ಮೆಟ್ಟಿಲಿನವು ಎಂದು ಇಬ್ಬರಿಗೂ ಗೊತ್ತಿತ್ತು.

"ಕೊಡೆ ಯಾವ ಬಣ್ಣದ್ದು?"

"ಕಪ್ಪು. ಹಿಡಿಗೆ ಬಟ್ಟೆ ಸುತ್ತಿತ್ತು."

"ಮಳೆ ಇಲ್ದಿದ್ರೂ ತರ್ತಿದ್ಲಾ?"

"ತರ್ತಿದ್ರು."

ಆಕೆ ಆ ಮೂರನೇ ಬಾಗಿಲ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಇನ್ನೊಂದು ಸಲ ಹೇಳಿ" ಎಂದರು. "ಮೊದಲಿಂದ. ಬೆಂಚಿಂದ ಎದ್ದು ಬರ್ತಿದ್ದಳಲ್ಲ, ಅಲ್ಲಿಂದ."

ಹೇಳಿದೆ.